ಹುಳು ಮನೆಯ ಜ್ವರ, ಪುಸ್ತಕದ ಜ್ವರ

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಒಂದು ಸಲ ಬೆಂಗಳೂರಿನ ಗೆಳೆಯನೊಬ್ಬ ಮನೆಗೆ ಬಂದಿದ್ದ. ಅಮ್ಮ ಹುಳು ಮನೆಯಿಂದ, ಅಂದರೆ ರೇಷ್ಮೆ ಹುಳು ಸಾಕುವ ಕೋಣೆಯಿಂದ, ಹೊರಗೆ ಬಂದು, "ಮೂರನೇ ಜ್ವರಕ್ಕೆ ಕೂತವೆ, ಯಾರೂ ಸೊಪ್ಪು ಹಾಕ್ಬೇಡ್ರಪ್ಪ" ಅಂದರು. ಅವನು ಗಾಬರಿಯಾದ. "ಮೂರು ಸಲ ಜ್ವರ ಬಂದ್ರೂ ಡಾಕ್ಟರಿಗೆ ತೋರಿಸಿಲ್ವಾ ಆಂಟಿ?" ಅಮ್ಮ ಇವತ್ತಿಗೂ ಅದನ್ನು ನೆನೆಸಿಕೊಂಡು ನಗುತ್ತಾರೆ.

ನಗು ಇರಲಿ, ಜೀವಶಾಸ್ತ್ರ ಓದುವಾಗ ನನಗೂ ಇದೇ ಪೇಚಾಟ. ಮನೆಯಲ್ಲಿ ಕೇಳಿ ಬೆಳೆದ ಪದ ಒಂದು, ಪುಸ್ತಕದ ಅರ್ಥ ಇನ್ನೊಂದು. ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ಉಪಯೋಗವಾಗಲಿ ಅಂತ ನನ್ನ ನೋಟ್ಸಿನಲ್ಲಿ ಇದ್ದದ್ದನ್ನು ಬಿಡಿಸಿ ಬರೆದಿದ್ದೇನೆ.

ಮೊದಲು ಹುಳುವಿನ "ಜ್ವರ". ಪುಸ್ತಕದಲ್ಲಿ ಇದರ ಹೆಸರು ಮೋಲ್ಟಿಂಗ್, ಅಂದರೆ ಪೊರೆ ಬಿಡುವುದು. ಮೊಟ್ಟೆಯಿಂದ ಬಂದ ಹುಳು ಹಣ್ಣಾಗುವಷ್ಟರಲ್ಲಿ, ಅಂದರೆ ಗೂಡು ಕಟ್ಟಲು ತಯಾರಾಗುವಷ್ಟರಲ್ಲಿ, ಅದರ ತೂಕ ಸುಮಾರು 10,000 ಪಟ್ಟು ಆಗಿರುತ್ತದೆ. ಚರ್ಮ ಮಾತ್ರ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ಹಳೆಯದನ್ನು ಕಳಚಲೇಬೇಕು. ಒಳಗೆ ಹೊಸ ಚರ್ಮ ತಯಾರಾಗುವ ತನಕ ಹುಳು ತಲೆ ಎತ್ತಿ, ಮೇವು ಮುಟ್ಟದೆ, ಸುಮಾರು ಒಂದು ದಿನ ಹಾಗೇ ಕೂತಿರುತ್ತದೆ. ಮಂಕಾಗಿ ಕಾಣುತ್ತದಲ್ವಾ, ಅದಕ್ಕೇ ಹಿಂದಿನವರು ಜ್ವರ ಅಂದಿರಬೇಕು ಅಂತ ನನ್ನ ಊಹೆ. ಕೊನೆಯಲ್ಲಿ ಪೊರೆ ಕಳಚುವ ಆ ಗಳಿಗೆಯೊಂದಕ್ಕೇ ಎಕ್ಡೈಸಿಸ್ ಅನ್ನುತ್ತಾರೆ. ಮೋಲ್ಟಿಂಗ್ ಇಡೀ ಕೆಲಸ, ಎಕ್ಡೈಸಿಸ್ ಅದರ ಕೊನೆಯ ಹಂತ.

ಇನ್‌ಸ್ಟಾರ್ ಅಂದರೆ ಎರಡು ಜ್ವರಗಳ ನಡುವಿನ ಅವಧಿ. ಜ್ವರ ನಾಲ್ಕು, ಇನ್‌ಸ್ಟಾರ್ ಐದು. ಇಲ್ಲಿ ಎಡವುವವರೇ ಜಾಸ್ತಿ. ನಾಲ್ಕು ಕಡೆ ಕತ್ತರಿಸಿದ ಹಗ್ಗ ಐದು ತುಂಡಾಗುತ್ತದೆ, ಅಷ್ಟೇ ಲೆಕ್ಕ. ಐದನೆಯದು ಮುಗಿದ ಮೇಲೆ ಗೂಡಿನೊಳಗೆ ಹುಳು ಇನ್ನೊಮ್ಮೆ ಪೊರೆ ಬಿಟ್ಟು ಪ್ಯೂಪಾ (ಹುಳುವಿಗೂ ಚಿಟ್ಟೆಗೂ ನಡುವಿನ ರೂಪ) ಆಗುತ್ತದೆ. ಅದು ಕಣ್ಣಿಗೆ ಕಾಣದ್ದರಿಂದ ನಮ್ಮ ಮನೆ ಲೆಕ್ಕಕ್ಕೆ ಸೇರುವುದಿಲ್ಲ, ಜೀವಶಾಸ್ತ್ರದ ಲೆಕ್ಕಕ್ಕೆ ಸೇರುತ್ತದೆ.

ಇದನ್ನೆಲ್ಲ ನಡೆಸುವ ಹಾರ್ಮೋನು ಎಕ್ಡೈಸೋನ್. 1954ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಬೇರ್ಪಡಿಸಿದ್ದು ರೇಷ್ಮೆ ಪ್ಯೂಪಾಗಳಿಂದಲೇ. 500 ಕೆ.ಜಿ. ಪ್ಯೂಪಾ ಅರೆದು, ಸೋಸಿ, ಕೈಗೆ ಸಿಕ್ಕಿದ್ದು 25 ಮಿಲಿಗ್ರಾಂ! ಹಾರ್ಮೋನು ಎಷ್ಟು ಕಡಿಮೆ ಇದ್ದರೂ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಾನು ಇದನ್ನೇ ಉದಾಹರಣೆ ಬರೆಯುವುದು.

ಈಗ ನಮಗೆ ಬರುವ ಜ್ವರ. ಮೆದುಳಿನ ಹೈಪೊಥಾಲಮಸ್ ಮೈಯ ಬಿಸಿಯನ್ನು ಒಂದು ಮಟ್ಟಕ್ಕೆ ಹಿಡಿದಿಡುತ್ತದೆ. ಸೋಂಕಾದಾಗ ಆ ಮಟ್ಟವನ್ನೇ ಅದು ಮೇಲಕ್ಕೆ ಏರಿಸುತ್ತದೆ. ಮೈ ಸುಡುತ್ತಿದ್ದರೂ ಚಳಿ ಆಗುವುದು ಇದಕ್ಕೇ. ಬಿಸಿಲಿನ ಹೊಡೆತದಲ್ಲಿ ಮಟ್ಟ ಏರಿರುವುದಿಲ್ಲ, ಮೈಗೆ ಬಿಸಿ ಹೊರಹಾಕಲು ಆಗುತ್ತಿರುವುದಿಲ್ಲ. ಅದು ಹೈಪರ್‌ಥರ್ಮಿಯಾ, ಅದಕ್ಕೆ ಪ್ಯಾರಾಸಿಟಮಾಲ್ ನಾಟುವುದಿಲ್ಲ. ರೇಷ್ಮೆ ಹುಳುವಿನ ಮೈ ಬಿಸಿ ಕೋಣೆಯ ಬಿಸಿಯ ಜೊತೆಗೇ ಏರಿ ಇಳಿಯುತ್ತದೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ 24-25 ಡಿಗ್ರಿ ಇರುವ ಹಾಗೆ ನಾವೇ ನೋಡಿಕೊಳ್ಳುತ್ತೇವೆ.

ಸೈನ್ ಮತ್ತು ಸಿಂಪ್ಟಮ್: ಕನ್ನಡದಲ್ಲಿ ಎರಡಕ್ಕೂ ಲಕ್ಷಣ ಅಂದುಬಿಡುತ್ತೇವೆ. ರೋಗಿ ಹೇಳಿದರಷ್ಟೇ ಗೊತ್ತಾಗುವುದು ಸಿಂಪ್ಟಮ್: ತಲೆನೋವು, ಓಕರಿಕೆ. ನೋಡುವವರಿಗೇ ಕಾಣುವುದು ಸೈನ್: ಬಾವು, ಕಾಮಾಲೆಯ ಹಳದಿ ಕಣ್ಣು. ಹುಳು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಹಾಗಾಗಿ ಹುಳು ಮನೆಯಲ್ಲಿ ಇರುವುದೆಲ್ಲ ಸೈನ್.

ನಮ್ಮ ರೋಗದ ಹೆಸರುಗಳು ಹುಟ್ಟಿರುವುದೂ ಹಾಗೇ ಕಂಡದ್ದರಿಂದ. ಹಾಲುತೊಂಡೆ ರೋಗ ವೈರಸ್ಸಿನದು, ಹುಳುವನ್ನು ಚುಚ್ಚಿದರೆ ಹಾಲಿನಂಥ ದ್ರವ ಬರುತ್ತದೆ. ಆ ದ್ರವ ಹೀಮೋಲಿಂಫ್, ನಮ್ಮ ರಕ್ತದ ಹಾಗೆ ಆಮ್ಲಜನಕ ಹೊರುವುದಿಲ್ಲ. ಸುಣ್ಣಕಟ್ಟು ರೋಗ ಶಿಲೀಂಧ್ರದ್ದು, ಸತ್ತ ಹುಳು ಸುಣ್ಣದ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಪ್ರಾಣಿಯ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಅಂತ ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲಿ ತೋರಿಸಿದ್ದು ಇದೇ ರೋಗದಲ್ಲಿ.

ಹುಳುವಿನ ಇನ್ನೊಂದು ರೋಗ ಗಂಟುರೋಗ, ಪುಸ್ತಕದಲ್ಲಿ ಪೆಬ್ರಿನ್. ಇದರ ಜೊತೆ ಒಂದು ಮುಖ್ಯ ಪದ ಕಲಿಯಬೇಕು: ವರ್ಟಿಕಲ್ ಟ್ರಾನ್ಸ್‌ಮಿಷನ್, ತಾಯಿಯಿಂದ ಮರಿಗೆ ದಾಟುವ ಸೋಂಕು. ಒಂದೇ ಹಾಸಿಗೆಯ ಹುಳುವಿನಿಂದ ಹುಳುವಿಗೆ, ಸೊಪ್ಪು ಹಿಕ್ಕೆಗಳ ಮೂಲಕ ಹರಡಿದರೆ ಅದು ಹಾರಿಜಾಂಟಲ್. ಗಂಟುರೋಗ ಎರಡೂ ದಾರಿ ಹಿಡಿಯುತ್ತದೆ. ಮೊಟ್ಟೆಯೊಳಗೇ ರೋಗಾಣು ಕೂತಿದ್ದರೆ ಹುಳು ಮನೆಯನ್ನು ಎಷ್ಟು ತೊಳೆದರೂ ಉಪಯೋಗ ಇಲ್ಲ. 1865ರಲ್ಲಿ ಈ ರೋಗದ ಅಧ್ಯಯನಕ್ಕೆ ಫ್ರಾನ್ಸಿನ ಅಲೆಸ್ ಊರಿಗೆ ಹೋದ ವಿಜ್ಞಾನಿ ಲೂಯಿ ಪಾಶ್ಚರ್ ಕೊನೆಗೆ ಕಂಡುಕೊಂಡ ಉಪಾಯ ಸರಳ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು. ಹೊಳೆಯುವ ಅಂಡಾಕಾರದ ಬೀಜಕಣ ಕಂಡರೆ ಅದರ ಮೊಟ್ಟೆ ಸುಡು. ಇವತ್ತಿಗೂ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯನ್ನು ಪರೀಕ್ಷಿಸುತ್ತಾರೆ. ನಾವು "ನೂರು ಮೊಟ್ಟೆ ಮೇಯಿಸಿದ್ವಿ" ಅಂದಾಗ ಒಂದು ಮೊಟ್ಟೆ ಅಂದರೆ ಒಂದು ತಾಯಿ ಇಟ್ಟ ನಾನೂರು ಐನೂರು ಮೊಟ್ಟೆ. ಎಣಿಕೆ ತಾಯಿಯದು, ಪರೀಕ್ಷೆಯೂ ತಾಯಿಯದೇ.

ಇನ್ನು ರೇಷ್ಮೆ ಹುಳುವಿನ ಮೇಲೆ ಮೊಟ್ಟೆ ಇಡುವ ಊಜಿ ನೊಣ. ಇದನ್ನು ಪ್ಯಾರಸೈಟ್ ಅಂತ ಬರೆದರೆ ಅರ್ಧ ಸರಿ. ಪ್ಯಾರಸೈಟ್ ಸಾಮಾನ್ಯವಾಗಿ ಆಶ್ರಯ ಕೊಟ್ಟ ಜೀವಿಯನ್ನು ಸಾಯಿಸದೆ ಬದುಕುತ್ತದೆ, ನಮ್ಮ ತಲೆಯ ಹೇನಿನ ಹಾಗೆ. ಪ್ಯಾರಸಿಟಾಯ್ಡ್ ಮಾತ್ರ ಒಳಗಿಂದ ತಿಂದು ಸಾಯಿಸಿಯೇ ಹೊರಬರುತ್ತದೆ. ಊಜಿ ಈ ಎರಡನೇ ಜಾತಿ. ಹುಳುವಿನ ಮೈಮೇಲೆ ಬಿಳಿ ಚುಕ್ಕಿಯಂಥ ಮೊಟ್ಟೆ, ಮರಿ ಕೊರೆದು ಒಳಗೆ ಹೋದ ಜಾಗದಲ್ಲಿ ಕಪ್ಪು ಕಲೆ. ಕಪ್ಪು ಕಲೆ ಕಂಡ ಹುಳುವನ್ನು ಅಮ್ಮ ಒಂದೊಂದಾಗಿ ಆರಿಸಿ ಬೇರೆ ಪಾತ್ರೆಗೆ ಹಾಕುತ್ತಾರೆ, ಕಿಟಕಿಯ ನೈಲಾನ್ ಪರದೆ ಎಲ್ಲಿ ಹರಿದಿದೆ ಅಂತ ನನ್ನನ್ನು ಹುಡುಕಲು ಕಳಿಸುತ್ತಾರೆ.