ಡಕ್ಟ್‌ನಲ್ಲಿ ಅಳೆದ ಸದ್ದು ಫ್ಯಾನ್‌ನದ್ದೋ, ಡಕ್ಟ್‌ನದ್ದೋ?

ಡಕ್ಟ್‌ನೊಳಗೆ (ಗಾಳಿ ಸಾಗುವ ಕೊಳವೆಯೊಳಗೆ) ಒಂದೇ ಮೈಕ್ ಇಟ್ಟು ಓದಿದ ಡೆಸಿಬೆಲ್ ಫ್ಯಾನ್‌ನ ಗುಣವನ್ನು ಹೇಳುವುದಿಲ್ಲ. ಫ್ಯಾನ್‌ನಿಂದ ಹೊರಟ ತರಂಗ ತುದಿಗೋ ಬೆಂಡ್‌ಗೋ ಬಡಿದು ವಾಪಸ್ ಬರುತ್ತದೆ. ಬಂದದ್ದರಲ್ಲಿ ಸ್ವಲ್ಪವನ್ನು ಫ್ಯಾನ್ ಮತ್ತೆ ಪ್ರತಿಫಲಿಸುತ್ತದೆ, ಉಳಿದದ್ದು ಅದರ ಮೂಲಕ ಆಚೆ ದಾಟುತ್ತದೆ. ಹೀಗಾಗಿ ಡಕ್ಟ್‌ನ ಉದ್ದ ಬದಲಾದರೆ ಅಂಕಿಯೂ ಬದಲಾಗುತ್ತದೆ. ಡಕ್ಟ್‌ನಲ್ಲಿ ಫ್ಯಾನ್ ಸದ್ದು ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 5136, ಪ್ರತಿಫಲನ ಕಡಿಮೆ ಮಾಡುವ ತುದಿ ಜೋಡಿಸಿ ಇದನ್ನು ಅಡಗಿಸುತ್ತದೆ. ಫ್ಯಾನ್‌ಗಳನ್ನು ಹೋಲಿಸಲು ಅಷ್ಟು ಸಾಕು. ಆದರೆ ನಿಜವಾದ ಡಕ್ಟ್ ಜಾಲದಲ್ಲಿ ಸದ್ದೆಷ್ಟು ಎಂದು ಲೆಕ್ಕ ಹಾಕಲು ಟೂ-ಪೋರ್ಟ್ ಮಾದರಿ ಬೇಕು: ಪ್ರತಿ ಆವರ್ತನಕ್ಕೆ ಎರಡು ಪ್ರತಿಫಲನ, ಎರಡು ಪ್ರಸರಣ ಗುಣಾಂಕಗಳು, ಜೊತೆಗೆ ಫ್ಯಾನ್ ತಾನೇ ಎರಡೂ ಬದಿಗೆ ಹುಟ್ಟಿಸುವ ತರಂಗಗಳು.

ಸಮತಲ ತರಂಗ (ಡಕ್ಟ್‌ನ ಅಡ್ಡಛೇದದುದ್ದಕ್ಕೂ ಒತ್ತಡ ಒಂದೇ ಇರುವ ತರಂಗ) ಮಾತ್ರ ಸಾಗುವ ವಲಯದಲ್ಲೇ ಈ ಲೆಕ್ಕ ಸರಳ. ವೃತ್ತಾಕಾರದ ಡಕ್ಟ್‌ನಲ್ಲಿ ಇದರ ಮೇಲ್ಮಿತಿ 0.586 × ಶಬ್ದವೇಗ ÷ ವ್ಯಾಸ, 0.3 ಮೀಟರ್ ವ್ಯಾಸಕ್ಕೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸುಮಾರು 670 ಹರ್ಟ್ಜ್. ಹೋಗುವ, ಬರುವ ತರಂಗಗಳನ್ನು ಬೇರ್ಪಡಿಸಲು ಫ್ಯಾನ್‌ನ ಪ್ರತಿ ಬದಿಯಲ್ಲೂ ಎರಡು ಮೈಕ್ ಬೇಕು. ಅವುಗಳ ಅಂತರ ಅರ್ಧ ತರಂಗಾಂತರವಾದರೆ ಸಮೀಕರಣ ಕುಸಿಯುತ್ತದೆ. ತರಂಗಾಂತರದ 5%ಕ್ಕಿಂತ ಕಡಿಮೆಯಾದರೆ ಫೇಸ್‌ನ (ಎರಡು ಸಿಗ್ನಲ್‌ಗಳ ನಡುವಿನ ಹಿಂದುಮುಂದಿನ) ಸಣ್ಣ ತಪ್ಪೂ ದೊಡ್ಡದಾಗುತ್ತದೆ. 0.2 ಮೀಟರ್ ಅಂತರ ಸುಮಾರು 86ರಿಂದ 770 ಹರ್ಟ್ಜ್‌ವರೆಗೆ ಸರಿ. ಕೆಳಗಿನ ಆವರ್ತನಗಳಿಗೆ ದೂರದಲ್ಲಿ ಮೂರನೇ ಮೈಕ್ ಹಾಕಿ.

ಮೊದಲು ಗುಣಾಂಕಗಳು. ಫ್ಯಾನ್ ಓಡುತ್ತಿರುವಾಗಲೇ ಒಮ್ಮೆ ಹೀರುವ ಬದಿಯ ಸ್ಪೀಕರ್, ಇನ್ನೊಮ್ಮೆ ಊದುವ ಬದಿಯದ್ದು ನುಡಿಸಿ. ನಿಂತ ಫ್ಯಾನ್‌ನಲ್ಲಿ ಅಳೆದರೆ ಹರಿವಿನ ಪರಿಣಾಮವೇ ತಪ್ಪಿಹೋಗುತ್ತದೆ. ಪ್ರತಿ ಮೈಕ್‌ನ ಸಿಗ್ನಲ್ಲನ್ನು ಸ್ಪೀಕರ್‌ನ ವಿದ್ಯುತ್ ಸಿಗ್ನಲ್‌ಗೆ ಹೋಲಿಸಿ ಸರಾಸರಿ ತೆಗೆದರೆ ಫ್ಯಾನ್‌ನ ಸದ್ದು ಸೋಸಿಹೋಗುತ್ತದೆ: 100 ಸರಾಸರಿಗೆ ಸುಮಾರು 20 ಡೆಸಿಬೆಲ್. ಬ್ಲೇಡ್ ಹಾಯುವ ಆವರ್ತನವನ್ನು (7 ಬ್ಲೇಡ್, ನಿಮಿಷಕ್ಕೆ 1450 ಸುತ್ತು ಎಂದರೆ 169 ಹರ್ಟ್ಜ್) ಮತ್ತು ಅದರ ಗುಣಕಗಳನ್ನು ತಪ್ಪಿಸಿ ನುಡಿಸಿ.

ಆಮೇಲೆ ಸ್ಪೀಕರ್ ನಿಲ್ಲಿಸಿ ಫ್ಯಾನ್ ತಾನೇ ಹುಟ್ಟಿಸುವ ಮೂಲತರಂಗ ಹುಡುಕಿ. ತುದಿಗಳ ಪ್ರತಿಫಲನ ಮೊದಲೇ ತಿಳಿದಿರಬೇಕು. ಇಲ್ಲಿ ಒಂದೇ ಮೈಕ್‌ನ ಆಟೋಸ್ಪೆಕ್ಟ್ರಮ್ (ಆವರ್ತನವಾರು ಶಕ್ತಿ) ಬಳಸಬೇಡಿ: ಗೋಡೆಗೆ ಉಜ್ಜುವ ಸುಳಿಗಳ ಒತ್ತಡವೂ ಅದರಲ್ಲಿ ಸೇರುತ್ತದೆ. ದೂರದೂರದ ಮೈಕ್‌ಗಳ ನಡುವಿನ ಕ್ರಾಸ್‌ಸ್ಪೆಕ್ಟ್ರಮ್‌ನಲ್ಲಿ (ಎರಡಕ್ಕೂ ಸಾಮಾನ್ಯವಾದ ಭಾಗದಲ್ಲಿ) ಅದು ಬಹುಪಾಲು ಕಳೆದುಹೋಗುತ್ತದೆ.

ತಾಪಮಾನವನ್ನು ಎರಡೂ ಬದಿಯಲ್ಲಿ ಅಳೆಯಿರಿ. 10 ಡಿಗ್ರಿ ಏರಿದರೆ ಶಬ್ದವೇಗ ಸೆಕೆಂಡಿಗೆ 6 ಮೀಟರ್ ಏರುತ್ತದೆ.

ಪಂಪ್‌ಗೂ ಇದೇ ವಿಧಾನ. ಮೈಕ್ ಬದಲು ಒತ್ತಡದ ಸೆನ್ಸರ್. ತರಂಗಾಂತರ ಉದ್ದವಾದ್ದರಿಂದ ಅಂತರವೂ ಹೆಚ್ಚು. ನೀರಿನಲ್ಲಿ ಶಬ್ದವೇಗ ಸೆಕೆಂಡಿಗೆ ಸುಮಾರು 1480 ಮೀಟರ್, ಆದರೆ ಪೈಪ್ ಗೋಡೆ ಹಿಗ್ಗಿದರೆ ಇಳಿಯುತ್ತದೆ. ವಾತಾವರಣದ ಒತ್ತಡದಲ್ಲಿ ಗಾತ್ರದ 1% ಗಾಳಿಗುಳ್ಳೆ ಸೇರಿದರಂತೂ ಗಾಳಿಯಲ್ಲಿರುವುದಕ್ಕಿಂತಲೂ ಕೆಳಗೆ! ಆದ್ದರಿಂದ ಪುಸ್ತಕದ ಅಂಕಿ ನಂಬದೆ, ಮೂರು ಸೆನ್ಸರ್ ಹಾಕಿ ವೇಗವನ್ನೇ ಅಳೆಯಿರಿ.