ಅಮೆರಿಕದ ಡಿಕ್ರಿ, ಮೈಸೂರಿನ ಸೈಟು

"ಟೆಕ್ಸಾಸ್‌ನ ಫೆಡರಲ್ ಕೋರ್ಟಿನಲ್ಲಿ ದುಡ್ಡಿನ ದಾವೆ ಗೆದ್ದಿದ್ದೇನೆ. ಸೋತವರ ಸೈಟು ಮೈಸೂರಿನಲ್ಲಿದೆ. ಜಪ್ತಿ ಮಾಡಿಸಬಹುದಾ?"

ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಆ ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಜಾರಿ ಮಾಡಿಸಿ ಎಂದು ಇಲ್ಲಿನ ಕೋರ್ಟಿಗೆ ನೇರವಾಗಿ ಅಮಲ್ಜಾರಿ ಅರ್ಜಿ ಹಾಕಲು ಆಗುವುದಿಲ್ಲ. ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 44ಎ ಆ ದಾರಿ ತೆರೆದಿರುವುದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದೇಶಗಳಿಗೆ ಮಾತ್ರ. ಬ್ರಿಟನ್, ಸಿಂಗಪುರ ಅದರಲ್ಲಿವೆ. 2020ರಲ್ಲಿ ಯುಎಇ ಸೇರಿತು. ಅಮೆರಿಕ ಇಲ್ಲ.

ತಕ್ಷಣ ಯಾರಾದರೂ ಹೇಳುತ್ತಾರೆ: "ಹಾಗಾದ್ರೆ ಅಮೆರಿಕದ ಡಿಕ್ರಿ ಇಲ್ಲಿ ರದ್ದಿ ಕಾಗದ." ಖಂಡಿತ ಅಲ್ಲ! ಎಷ್ಟು ಸಲ ತಿದ್ದಿದರೂ ಈ ಮಾತು ಸಾಯುತ್ತಿಲ್ಲ. ಇದನ್ನು ನಂಬಿ ಜನ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ಆ ತೀರ್ಪನ್ನೇ ಆಧಾರ ಮಾಡಿಕೊಂಡು ಇಲ್ಲಿ ದಾವೆ ಹೂಡಬಹುದು. ಸಾಲ ಕೊಟ್ಟಿದ್ದು, ಬಿಲ್ಲು, ಸಾಕ್ಷಿ ಅಂತ ಮೊದಲಿನಿಂದ ಸಾಬೀತು ಮಾಡಬೇಕಿಲ್ಲ. ಕಲಂ 13ರಂತೆ ವಿದೇಶಿ ತೀರ್ಪು ನಿರ್ಣಾಯಕ. ಅದಕ್ಕೆ ಆರೇ ಅಪವಾದ: ಆ ಕೋರ್ಟಿಗೆ ಅಧಿಕಾರ ಇರಲಿಲ್ಲ, ಮೋಸದಿಂದ ಪಡೆದದ್ದು, ಇಂಥವು. ಕೋರ್ಟಿನ ದೃಢೀಕೃತ ಪ್ರತಿ ಹಾಜರುಪಡಿಸಿದರೆ, ಅಧಿಕಾರ ಇತ್ತೆಂದೇ ಕಲಂ 14 ಭಾವಿಸುತ್ತದೆ. ಇಲ್ಲ ಎಂದು ತೋರಿಸುವ ಹೊರೆ ಎದುರಿನವರದ್ದು. ವೆಬ್‌ಸೈಟಿನಿಂದ ತೆಗೆದ ಪ್ರಿಂಟ್ ಸಾಲದು. ಮೊಹರು, ಕ್ಲರ್ಕ್ ಸಹಿ ಬೇಕು.

ಜಾಸ್ತಿ ಜನ ಎಡವುವುದು ಎಕ್ಸ್‌ಪಾರ್ಟಿ, ಅಂದರೆ ಎದುರಿನವರ ಗೈರಿನಲ್ಲಿ ಬಂದ ತೀರ್ಪಿನಲ್ಲಿ. ಎದುರಿನವರು ಬರಲಿಲ್ಲ ಎಂದು ಸುಮ್ನೆ ಬರೆದುಕೊಟ್ಟ ತೀರ್ಪು ಇಲ್ಲಿ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ, ಇಂಟರ್‌ನ್ಯಾಷನಲ್ ವೂಲನ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಸಾಕ್ಷ್ಯ ನೋಡಿ, ಗುಣಾವಗುಣ ತೂಗಿದ ತೀರ್ಪಾಗಿರಬೇಕು. ಹಾಗಾಗಿ ಅಲ್ಲಿ ಇಂಥ ಗೈರಿನ (ಡೀಫಾಲ್ಟ್) ತೀರ್ಪು ಕೇಳುವಾಗಲೇ ಅಫಿಡವಿಟ್, ಒಪ್ಪಂದ, ಲೆಕ್ಕಪತ್ರ ಎಲ್ಲ ಕಡತಕ್ಕೆ ಸೇರಿಸಿ. ಕಾರಣ ಬರೆದು ಆದೇಶ ಕೊಡಲು ಕೇಳಿ. ಇನ್ನು ಕಾಲಮಿತಿ: ತೀರ್ಪಿನ ದಿನದಿಂದ 3 ವರ್ಷ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದ ಸಮನ್ಸ್ ನಿಮ್ಮ ತಂದೆಯವರ ಮನೆಗೆ ಕೊರಿಯರ್‌ನಲ್ಲಿ ಬಂತು ಅಂದುಕೊಳ್ಳಿ. ಬೇರೆ ದೇಶಕ್ಕೆ ಸಮನ್ಸ್ ತಲುಪಿಸುವ ಬಗೆಗಿನ 1965ರ ಹೇಗ್ ಸರ್ವಿಸ್ ಒಪ್ಪಂದಕ್ಕೆ ಸೇರುವಾಗ ಭಾರತ ಅಂಚೆ ದಾರಿಗೆ ಆಕ್ಷೇಪ ಹೇಳಿದೆ. ಸಮನ್ಸ್ ಕೇಂದ್ರ ಕಾನೂನು ಸಚಿವಾಲಯದ ಮೂಲಕ ಬರಬೇಕು. ಹಾಗಂತ ಕವರ್ ಮೂಲೆಗೆ ಎಸೆಯಬೇಡಿ. ಸಮನ್ಸ್ ತಲುಪಿಸಿದ ರೀತಿ ಸರಿಯಾಗಿದೆಯೇ ಎಂದು ಮೊದಲು ನೋಡುವುದು ಅಲ್ಲಿನ ನ್ಯಾಯಾಧೀಶರು. ಅಲ್ಲಿ ಬ್ಯಾಂಕ್ ಖಾತೆಯೋ ಮನೆಯೋ ಇದ್ದರೆ, ಅದರ ಮೇಲೆ ಡಿಕ್ರಿ ಜಾರಿ ಮಾಡಲು ಮೈಸೂರಿನ ಕೋರ್ಟಿನ ಹಂಗೇ ಬೇಕಿಲ್ಲ.