ಒಂದು ಪಾಸ್‌ವರ್ಡ್, ನಾಲ್ವರು ಓದುಗರು

ವಿಜಯನಗರದ ಪಿಜಿಯೊಂದರಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿರುವ ನಾಲ್ವರು ದುಡ್ಡು ಕೂಡಿಸಿ, ಒಬ್ಬನ ಹೆಸರಿನಲ್ಲಿ ಆನ್‌ಲೈನ್ ತರಗತಿಯ ಸದಸ್ಯತ್ವ ಪಡೆದಿದ್ದಾರೆ ಎಂದಿಟ್ಟುಕೊಳ್ಳೋಣ. ಪಾಸ್‌ವರ್ಡ್ ನಾಲ್ವರಿಗೂ ಗೊತ್ತು. ಪಾಠ ಸಿದ್ಧಪಡಿಸಿದ ಶಿಕ್ಷಕರಿಗೆ ದಕ್ಕುವುದು ಒಬ್ಬನ ಶುಲ್ಕ ಮಾತ್ರ, ಅವರ ನಷ್ಟ ನಿಜವಾದದ್ದೇ. ಆದರೆ ಈ ಹಂಚಿಕೆಯನ್ನು ತಡೆಯಹೊರಟ ಜಾಲತಾಣಕ್ಕೆ ಮೊದಲ ಹೆಜ್ಜೆಯಲ್ಲೇ ತೊಡಕು ಎದುರಾಗುತ್ತದೆ. ಗುಟ್ಟಿನ ಪದ ಗೊತ್ತಿದೆ ಎಂಬುದಕ್ಕೆ ಪಾಸ್‌ವರ್ಡ್ ಸಾಕ್ಷಿಯೇ ಹೊರತು, ಅದನ್ನು ಒತ್ತಿದವರು ಯಾರು ಎಂಬುದಕ್ಕಲ್ಲ.

ಈ ತೊಡಕು ಕಂಪ್ಯೂಟರ್ ಪಾಸ್‌ವರ್ಡಿನಷ್ಟೇ ಹಳೆಯದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಬಳಸುವ ವ್ಯವಸ್ಥೆ ರೂಪಿಸಿ, ಬಳಕೆದಾರರಿಗೆ ಪ್ರತ್ಯೇಕ ಪಾಸ್‌ವರ್ಡ್ ಕೊಟ್ಟಿತು. 1962ರಲ್ಲಿ ಅಲ್ಲಿನ ಸಂಶೋಧಕ ಅಲನ್ ಶೆರ್, ಕಂಪ್ಯೂಟರ್ ಬಳಕೆಗೆ ತಮಗೆ ಗೊತ್ತುಮಾಡಿದ್ದ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡ್‌ಗಳಿದ್ದ ಕಡತವನ್ನು ಮುದ್ರಿಸಿಕೊಂಡು ಇತರರ ಖಾತೆಗಳಲ್ಲಿ ಕೆಲಸ ಮುಂದುವರಿಸಿದರು.

ಇಂದಿನ ತಾಣಗಳು ಹಿಡಿಯಬಹುದಾದ ಸರಳ ದಾರಿ ಎಣಿಕೆಯದು. ನೀವು ಲಾಗಿನ್ ಆದ ಕೂಡಲೇ ಸರ್ವರ್ ನಿಮ್ಮ ಬ್ರೌಸರಿಗೆ ಯಾರೂ ಊಹಿಸಲಾಗದಂಥ ಉದ್ದನೆಯ ಸಂಕೇತವೊಂದನ್ನು ಕುಕೀ ರೂಪದಲ್ಲಿ ಕೊಡುತ್ತದೆ. ಬ್ಯಾಂಕಿನ ಟೋಕನ್ನಿನಂತೆ, ಮುಂದಿನ ಪ್ರತಿ ಕೋರಿಕೆಯೊಡನೆ ಬ್ರೌಸರ್ ಅದನ್ನು ತೋರಿಸುತ್ತದೆ. ಒಂದು ಖಾತೆಗೆ ಎಷ್ಟು ಟೋಕನ್‌ಗಳು ಚಾಲ್ತಿಯಲ್ಲಿವೆ ಎಂದು ಲೆಕ್ಕವಿಟ್ಟು, ಮಿತಿ ಮೀರಿದಾಗ ಹಳೆಯದನ್ನು ರದ್ದುಮಾಡಬಹುದು. ಲಾಗ್‌ಔಟ್ ಆಗದೆಯೇ ಬ್ರೌಸರ್ ಮುಚ್ಚುವವರು ಬಹಳ ಮಂದಿ ಇರುವುದರಿಂದ, ವಿಡಿಯೊ ಓಡುತ್ತಿದೆ ಎಂಬ ಸೂಚನೆಯನ್ನು ಪ್ಲೇಯರ್ ಆಗಾಗ ಸರ್ವರಿಗೆ ಕಳುಹಿಸುವಂತೆ ಮಾಡಿ, ಏಕಕಾಲದ ವೀಕ್ಷಣೆಯನ್ನಷ್ಟೇ ಎಣಿಸುವುದು ಇನ್ನೂ ಸರಿ. ಇದು ಯಾರ ಗುರುತನ್ನೂ ಕೆದಕುವುದಿಲ್ಲವಾದ್ದರಿಂದ, ಇರುವ ಉಪಾಯಗಳಲ್ಲಿ ಇದೇ ಹೆಚ್ಚು ನ್ಯಾಯವಾದುದೆಂದು ನಾನು ನಂಬಿದ್ದೇನೆ. ಸರದಿಯಂತೆ ನೋಡುವ ನಾಲ್ವರು ಮಾತ್ರ ಇದಕ್ಕೆ ಸಿಗುವುದಿಲ್ಲ.

ಅವರನ್ನು ಹಿಡಿಯಲು ಹೊರಟಾಗ ಊಹೆ ಆರಂಭವಾಗುತ್ತದೆ. ಐಪಿ ವಿಳಾಸದಿಂದ, ಅಂದರೆ ಅಂತರ್ಜಾಲ ಸಂಪರ್ಕಕ್ಕೆ ಸಿಗುವ ಗುರುತಿನ ಸಂಖ್ಯೆಯಿಂದ, ಊರನ್ನು ಅಂದಾಜಿಸಬಹುದು. ಬೆಳಿಗ್ಗೆ 8 ಗಂಟೆಗೆ ಬೆಂಗಳೂರಿನಲ್ಲಿದ್ದ ಖಾತೆ 8.20ಕ್ಕೆ ಕಲಬುರಗಿಯಲ್ಲಿ ತೆರೆದುಕೊಂಡರೆ, ಸುಮಾರು 490 ಕಿ.ಮೀ. ನೇರ ದೂರವನ್ನು ಗಂಟೆಗೆ 1,470 ಕಿ.ಮೀ. ವೇಗದಲ್ಲಿ ಕ್ರಮಿಸಿದಂತಾಗುತ್ತದೆ, ಅದು ಇಂದಿನ ಯಾವ ಪ್ರಯಾಣಿಕ ವಿಮಾನಕ್ಕೂ ಸಾಧ್ಯವಿಲ್ಲ. ತರ್ಕವೇನೋ ಗಟ್ಟಿಯಾಗಿದೆ, ಅದರ ಆಧಾರ ಮಾತ್ರ ಸಡಿಲ. ಐಪಿವಿ4 ಎಂಬ ಹಳೆಯ ಮಾದರಿಯ ಸುಮಾರು 430 ಕೋಟಿ ವಿಳಾಸಗಳು ಜಗತ್ತಿಗೆ ಸಾಲದಾದ್ದರಿಂದ ಮೊಬೈಲ್ ಕಂಪನಿಗಳು ಬಹುಸಂಖ್ಯೆಯ ಗ್ರಾಹಕರನ್ನು ಒಂದೇ ವಿಳಾಸದಡಿ ಸೇರಿಸುತ್ತವೆ, ಆ ವಿಳಾಸವೂ ಚೆನ್ನೈನದೋ ಮುಂಬೈನದೋ ಆಗಿ ಕಾಣಬಹುದು. ಹೀಗಾಗಿ ಮನೆಯ ವೈಫೈ ಬಿಟ್ಟು ಮೆಟ್ರೊ ಹತ್ತಿ, ಫೋನಿನಲ್ಲಿ ಅದೇ ಪಾಠ ಮುಂದುವರಿಸಿದ ಪ್ರಾಮಾಣಿಕ ವಿದ್ಯಾರ್ಥಿನಿ ಐದೇ ನಿಮಿಷದಲ್ಲಿ ಊರು ಬದಲಿಸಿದಂತೆ ತೋರಿದರೆ ಆಶ್ಚರ್ಯವಿಲ್ಲ. ಪಿಜಿಯ ನಾಲ್ವರದ್ದಾದರೋ ಒಂದೇ ವೈಫೈ, ಒಂದೇ ವಿಳಾಸ.

ಪರದೆಯ ಅಳತೆ, ಫಾಂಟ್‌ಗಳು, ಕಾಲವಲಯ ಮುಂತಾದವನ್ನು ಕೂಡಿಸಿ ಬ್ರೌಸರಿನ ಬೆರಳಚ್ಚು ತೆಗೆಯುವ ವಿಧಾನವೂ ಉಂಟು. 2010ರಲ್ಲಿ ಡಿಜಿಟಲ್ ಹಕ್ಕುಗಳ ಪರ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನು ಪರೀಕ್ಷಿಸಿದಾಗ ಶೇ 83.6ರಷ್ಟರ ಗುರುತು ಇನ್ನೊಂದಕ್ಕೆ ಹೊಂದಲಿಲ್ಲ. ಆದರೆ ಬ್ರೌಸರ್ ಅಪ್‌ಡೇಟ್ ಆದರೆ ಬೆರಳಚ್ಚು ಬದಲಾಗುತ್ತದೆ, ಒಂದೇ ಮಾದರಿಯ ಫೋನ್‌ಗಳು ಪರಸ್ಪರ ಹೋಲುತ್ತವೆ. ಓದುಗರ ಅರಿವಿಗೆ ಬಾರದಂತೆ ಇಷ್ಟೆಲ್ಲ ಸಂಗ್ರಹಿಸುವುದು ನನಗೆ ಒಪ್ಪಿಗೆಯೂ ಇಲ್ಲ.

ಊಹೆಯ ಬೆಲೆಯನ್ನು ಅಂಕಿಗಳಲ್ಲೇ ನೋಡೋಣ. 10,000 ಸದಸ್ಯರಲ್ಲಿ 500 ಮಂದಿ ಪಾಸ್‌ವರ್ಡ್ ಹಂಚಿಕೊಂಡಿದ್ದಾರೆ ಎಂದುಕೊಳ್ಳಿ. ಪತ್ತೆಯ ತಂತ್ರಾಂಶ ಅವರಲ್ಲಿ ಶೇ 90ರಷ್ಟನ್ನು ಹಿಡಿಯುತ್ತದೆ, ಪ್ರಾಮಾಣಿಕರಲ್ಲಿ ಶೇ 5ರಷ್ಟು ಮಂದಿಯನ್ನಷ್ಟೇ ತಪ್ಪಾಗಿ ಶಂಕಿಸುತ್ತದೆ. ಕೇಳುವುದಕ್ಕೆ ಒಳ್ಳೆಯ ತಂತ್ರಾಂಶವೇ. ಆದರೂ ಸಿಕ್ಕಿಬಿದ್ದ 450 ಹಂಚಿಕೆದಾರರ ಜೊತೆಗೆ 475 ನಿರಪರಾಧಿಗಳು ಪಟ್ಟಿ ಸೇರುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಅವರಲ್ಲೊಬ್ಬರ ಖಾತೆ ಮುಚ್ಚಿಹೋದರೆ ಆಗುವ ಹಾನಿ, ನಾಲ್ವರು ಉಳಿಸಿದ ಶುಲ್ಕಕ್ಕಿಂತ ಬಹಳ ದೊಡ್ಡದು.

ಆದ್ದರಿಂದ ಶಂಕೆ ಬಂದಾಗ ಖಾತೆಯನ್ನು ಮುಚ್ಚದೆ, ಉಳಿದ ಸಾಧನಗಳ ಟೋಕನ್‌ಗಳನ್ನು ರದ್ದುಮಾಡಿ, ನೋಂದಾಯಿತ ಫೋನಿಗೆ ಒಟಿಪಿ ಕಳುಹಿಸಿ ಮತ್ತೆ ಲಾಗಿನ್ ಕೇಳುವುದು ಸೂಕ್ತ. ಮೆಟ್ರೊದಲ್ಲಿರುವ ವಿದ್ಯಾರ್ಥಿನಿಗೆ ಅದು ಅರ್ಧ ನಿಮಿಷದ ಕೆಲಸ. ಪಿಜಿಯವರಾದರೆ, ಫೋನಿನ ಒಡೆಯ ಲೈಬ್ರರಿಯಿಂದ ಮರಳುವವರೆಗೆ ಕಾಯಬೇಕಾದೀತು.